ದವಡೆಯ ಗೆಡ್ಡೆ: ಯಾವ ಚಿತ್ರ ಯಾವ ಪ್ರಶ್ನೆಗೆ

ದವಡೆ ಊದಿಕೊಂಡರೆ ನಮ್ಮ ಕೋಲಾರದ ಕಡೆ ಮೊದಲ ಗುಮಾನಿ ಹುಳುಕು ಹಲ್ಲಿನ ಮೇಲೆ, ಎರಡನೆಯದು ಬೋರ್‌ವೆಲ್ ನೀರಿನ ಮೇಲೆ. ಗುಮಾನಿ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟಿ ಕೆನ್ನೆ ಬಾತುಕೊಳ್ಳುವುದು ದಂತವೈದ್ಯರ ಬಳಿ ದಿನಬೆಳಗಾದರೆ ಬರುವ ತೊಂದರೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದವರ ಹಲ್ಲಿನ ಮೇಲಿನ ಕಂದು ಕಲೆಗಳನ್ನು ಮುಳಬಾಗಿಲಿನಲ್ಲೂ ಕಾಣಬಹುದು, ಬಾಗೇಪಲ್ಲಿಯಲ್ಲೂ ಕಾಣಬಹುದು. ಆದರೆ ದವಡೆಯ ಒಂದೇ ಬದಿ ತಿಂಗಳುಗಟ್ಟಲೆ ನೋವಿಲ್ಲದೆ ಉಬ್ಬುತ್ತಾ ಬರುವುದು ಫ್ಲೋರೈಡಿನ ಲಕ್ಷಣವಲ್ಲ. ಮಾತ್ರೆ ನುಂಗಿದಾಗ ಇಳಿದಂತೆ ಕಂಡು, ಮತ್ತೆ ಮೊದಲಿಗಿಂತ ದಪ್ಪಗಾಗುವ ಊತವನ್ನು ಹುಳುಕಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವಂತೆಯೂ ಇಲ್ಲ. ಅಲುಗಾಡುವ ಹಲ್ಲನ್ನು ಒಂದು ಎಕ್ಸ್‌ರೇ ಕೂಡ ತೆಗೆಸದೆ ಕಿತ್ತು, ಗಾಯ ಏಕೆ ಒಣಗುತ್ತಿಲ್ಲ ಎಂದು ವಾರಗಟ್ಟಲೆ ಕಾಯುವುದು ಇಂದಿಗೂ ನಡೆದೇ ಇದೆ. ನೋವಿಲ್ಲವೆಂದು ನಿಶ್ಚಿಂತೆಯಾಗಿರುವವರಿಗೆ ಒಂದು ಮಾತು: ದವಡೆಯ ಗೆಡ್ಡೆಗಳಲ್ಲಿ ಬಹುಪಾಲು ಶುರುವಿನಲ್ಲಿ ನೋಯುವುದೇ ಇಲ್ಲ.

ದೇಹದ ಬೇರೆ ಮೂಳೆಗಳಿಗೆ ಇಲ್ಲದ ಒಂದು ವಿಶೇಷ ದವಡೆಗಿದೆ. ಹಲ್ಲು ಹುಟ್ಟುವುದು ಅದರೊಳಗೆ. ಹಲ್ಲನ್ನು ಕಟ್ಟಿದ ಜೀವಕೋಶಗಳಲ್ಲಿ ಕೆಲವು ಕೆಲಸ ಮುಗಿದ ಮೇಲೂ ಮೂಳೆಯಲ್ಲೇ ಉಳಿದುಕೊಳ್ಳುತ್ತವೆ. ಎಷ್ಟೋ ವರ್ಷಗಳ ನಂತರ ಅವುಗಳಿಂದ ಗೆಡ್ಡೆ ಬೆಳೆಯಬಹುದು, ಸಿಸ್ಟ್ ಎನ್ನುವ ನೀರು ತುಂಬಿದ ಚೀಲವೂ ಆಗಬಹುದು. ಅಮೆಲೋಬ್ಲಾಸ್ಟೋಮಾ ಈ ಜಾತಿಯದು. ಇದು ಕ್ಯಾನ್ಸರ್ ಅಲ್ಲ. ಆದರೂ ಮೂಳೆಯನ್ನು ತಿನ್ನುತ್ತಾ ಹೋಗುವುದರಲ್ಲಿ ಕಡಿಮೆಯದೇನಲ್ಲ. ಇದಲ್ಲದೆ ಮೂಳೆಯಿಂದಲೇ ಹುಟ್ಟುವ ಗೆಡ್ಡೆಗಳಿವೆ, ರಕ್ತನಾಳಗಳ ಗಂಟುಗಳಿವೆ, ಒಸಡು ಕೆನ್ನೆಗಳಲ್ಲಿ ಶುರುವಾಗಿ ಮೂಳೆಯೊಳಗೆ ಇಳಿಯುವ ಕ್ಯಾನ್ಸರ್ ಇದೆ. ಸ್ತನ, ಶ್ವಾಸಕೋಶ, ಮೂತ್ರಪಿಂಡದ ಕ್ಯಾನ್ಸರ್ ಅಪರೂಪಕ್ಕೆ ದವಡೆಗೆ ಬಂದು ಕೂರುವುದೂ ಉಂಟು. ಗಲ್ಲ ಮತ್ತು ಕೆಳತುಟಿಯ ಒಂದು ಭಾಗ ಕಾರಣವಿಲ್ಲದೆ ಜೋಮು ಹಿಡಿದಂತಾದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದು ಇದಕ್ಕೇ. ಕೆಳದವಡೆಯೊಳಗಿನ ನರದ ಮೇಲೆ ಏನೋ ಒತ್ತುತ್ತಿದೆ ಎಂಬ ಸೂಚನೆ ಅದು.

ಇಷ್ಟು ಬಗೆಯ ಗೆಡ್ಡೆಗಳಿರುವಾಗ, “ಡಾಕ್ಟರೇ, ಒಂದೇ ಸಲ ದೊಡ್ಡ ಸ್ಕ್ಯಾನಿಂಗ್ ಬರೆದುಕೊಟ್ಟುಬಿಡಿ, ಎಲ್ಲ ಗೊತ್ತಾಗಲಿ” ಎಂದು ರೋಗಿಯ ಕಡೆಯವರು ಕೇಳುವುದು ಸಹಜವೇ. ದುಬಾರಿ ಯಂತ್ರಕ್ಕೆ ಎಲ್ಲವೂ ಕಾಣುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಇದೆ. ಆದರೆ ಗೆಡ್ಡೆಯ ಹೆಸರನ್ನು ಖಚಿತವಾಗಿ ಹೇಳುವುದು ಬಯಾಪ್ಸಿ, ಅಂದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಚಿತ್ರದ ಕೆಲಸ ಬೇರೆ. ಗೆಡ್ಡೆ ಎಲ್ಲಿಂದ ಶುರುವಾಗಿ ಎಲ್ಲಿಯವರೆಗೆ ಹೋಗಿದೆ, ಅಕ್ಕಪಕ್ಕದ ಹಲ್ಲು, ನರ, ಮೂಳೆಗಳಿಗೆ ಏನು ಮಾಡಿದೆ, ಅದನ್ನು ತೆಗೆಯಲು ಎಷ್ಟು ಕತ್ತರಿಸಬೇಕು ಎನ್ನುವುದನ್ನು ಅದು ಹೇಳಬೇಕು. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಒಂದಕ್ಕಿಂತ ಒಂದು ಮೇಲು ಎಂದು ಸಾಲಾಗಿ ನಿಲ್ಲಿಸುವುದು ಸರಿಯಲ್ಲ. ಒಂದೊಂದಕ್ಕೂ ಬೇರೆ ಬೇರೆ ಪ್ರಶ್ನೆ ಕೇಳಬೇಕು.

ಶುರುವಾಗಬೇಕಾದದ್ದು ಸಾದಾ ಎಕ್ಸ್‌ರೇಯಿಂದ, ಅದರಲ್ಲೂ ಒ.ಪಿ.ಜಿ.ಯಿಂದ. ಎರಡೂ ದವಡೆ, ಎಲ್ಲ ಹಲ್ಲು, ಕಿವಿಯ ಮುಂದಿನ ಕೀಲುಗಳು, ಮೇಲ್ದವಡೆಯ ಸೈನಸ್ಸುಗಳೆಂಬ ಗಾಳಿಗೂಡುಗಳು, ಎಲ್ಲವನ್ನೂ ಒಂದೇ ಉದ್ದನೆಯ ಚಿತ್ರದಲ್ಲಿ ಬಿಡಿಸಿ ತೋರಿಸುವ ಎಕ್ಸ್‌ರೇ ಇದು. ಫಿನ್ಲೆಂಡಿನ ದಂತವೈದ್ಯ ಯೂರ್ಯೋ ಪಾಟೆರೊ 1940ರ ದಶಕದ ಕೊನೆಯಿಂದ ಇದರ ಹಿಂದೆ ಬಿದ್ದು ರೂಪಿಸಿದ ವಿಧಾನ ಇವತ್ತು ತಾಲ್ಲೂಕು ಮಟ್ಟದ ಊರುಗಳಿಗೂ ಬಂದಿದೆ. ರೋಗಿ ನಿಂತುಕೊಂಡು ಗಲ್ಲವನ್ನು ತಟ್ಟೆಯ ಮೇಲಿಟ್ಟು, ಮುಂಭಾಗದ ಹಲ್ಲುಗಳಿಂದ ಪ್ಲಾಸ್ಟಿಕ್ ಕಡ್ಡಿಯ ಗೀರನ್ನು ಕಚ್ಚಿ ಹಿಡಿಯಬೇಕು. ಯಂತ್ರದ ತೋಳು ತಲೆಯ ಸುತ್ತ ನಿಧಾನವಾಗಿ ಅರ್ಧ ಸುತ್ತು ಬರುತ್ತದೆ. ಹದಿನೈದಿಪ್ಪತ್ತು ಸೆಕೆಂಡಿನ ಕೆಲಸ.

ಈ ಅಲ್ಪಸಮಯದಲ್ಲೇ ಚಿತ್ರ ಕೆಡುವುದೂ ಹೆಚ್ಚು. ಕಿವಿಯ ವಾಲೆ, ಜುಮುಕಿ, ಮೂಗುಬೊಟ್ಟು, ಸರ ಎಲ್ಲವನ್ನೂ ಬಿಚ್ಚಿಡಿ ಎಂದರೆ ಹಿರಿಯ ಹೆಂಗಸರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ವರ್ಷಾನುಗಟ್ಟಲೆ ತಿರುಪು ಬಿಚ್ಚದ ವಾಲೆ ಸುಲಭವಾಗಿ ಬರುವುದೂ ಇಲ್ಲ. ಬಿಚ್ಚದೆ ಬಿಟ್ಟರೆ ಬಲಗಿವಿಯ ವಾಲೆಯ ಮಸುಕು ನೆರಳು ಚಿತ್ರದಲ್ಲಿ ಎಡದವಡೆಯ ಕಡೆ, ಸ್ವಲ್ಪ ಮೇಲೆ, ಹಿಗ್ಗಿಕೊಂಡು ಬೀಳುತ್ತದೆ. ಮೇಲ್ದವಡೆಯ ಮೂಳೆಯ ಮೇಲೆ ಕೂತ ಆ ಬಿಳಿ ಮಚ್ಚೆ ಗೆಡ್ಡೆಯೋ ವಾಲೆಯೋ ಎಂದು ಅನುಭವವಿಲ್ಲದವರು ತಡವರಿಸುತ್ತಾರೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡಿರಿ ಎಂದು ಟೆಕ್ನೀಷಿಯನ್ ಹೇಳುವುದಕ್ಕೂ ಕಾರಣವಿದೆ. ನಾಲಿಗೆ ಕೆಳಗೆ ಬಿದ್ದಿದ್ದರೆ ಮಧ್ಯದ ಗಾಳಿ ಕಪ್ಪು ಪಟ್ಟಿಯಾಗಿ ಮೇಲಿನ ಹಲ್ಲುಗಳ ಬೇರುಗಳನ್ನು ನುಂಗಿಹಾಕುತ್ತದೆ.

ಚೆನ್ನಾಗಿ ಬಂದ ಒ.ಪಿ.ಜಿ.ಯನ್ನು ಓದುವುದು ಹೇಗೆ? ಶ್ರೀನಿವಾಸಪುರದ ಮಾವಿನ ತೋಟದಲ್ಲಿ ದುಡಿಯುವ ಮೂವತ್ತೈದರ ಆಸುಪಾಸಿನ ಒಬ್ಬ ಗಂಡಸನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕೆಳದವಡೆಯ ಹಿಂಭಾಗ, ಬುದ್ಧಿ ಹಲ್ಲಿನ ಹತ್ತಿರ, ಎರಡು ವರ್ಷದಿಂದ ಉಬ್ಬಿದೆ. ಚಿತ್ರದಲ್ಲಿ ಅಲ್ಲಿ ಮೂಳೆಯ ಬಿಳುಪು ಹೋಗಿ ಕಪ್ಪಾಗಿದೆ. ಆ ಕಪ್ಪು ಒಂದೇ ಕುಳಿಯಾಗಿಲ್ಲ. ತೆಳು ಗೋಡೆಗಳ ನಡುವೆ ಹಲವು ಕೋಣೆಗಳಾಗಿ ಒಡೆದಿದೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಸೋಪು ಗುಳ್ಳೆಯ ಚಿತ್ರ ಎನ್ನುತ್ತಾರೆ. ಪಕ್ಕದ ದವಡೆ ಹಲ್ಲಿನ ಬೇರಿನ ತುದಿ ಚಾಕುವಿನಿಂದ ಕತ್ತರಿಸಿದಂತೆ ಮೊಂಡಾಗಿದೆ. ದವಡೆಯೊಳಗೆ ನರ ಸಾಗುವ ಕಾಲುವೆ ತನ್ನ ಜಾಗ ಬಿಟ್ಟು ಕೆಳಗಿನ ಅಂಚಿಗೆ ತಳ್ಳಿಸಿಕೊಂಡಿದೆ. ಕೆಳಗಿನ ಅಂಚು ಹೊರಕ್ಕೆ ಉಬ್ಬಿ ಕಾಗದದಷ್ಟು ತೆಳುವಾಗಿದ್ದರೂ ತುಂಡಾಗಿಲ್ಲ. ಇಷ್ಟು ಕಂಡಮೇಲೆ ಅಮೆಲೋಬ್ಲಾಸ್ಟೋಮಾ ಇರಬಹುದು ಎಂದು ಗಟ್ಟಿಯಾಗಿ ಶಂಕಿಸಬಹುದು. ಈ ಗೆಡ್ಡೆಗಳಲ್ಲಿ ಐದಕ್ಕೆ ಸುಮಾರು ನಾಲ್ಕು ಕೆಳದವಡೆಯಲ್ಲೇ ಬರುತ್ತವೆ, ಅದೂ ಹೆಚ್ಚಾಗಿ ಹಿಂಭಾಗದಲ್ಲಿ.

ನನ್ನ ಮಟ್ಟಿಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಂಚು. ಗೆಡ್ಡೆ ನಿಧಾನವಾಗಿ ಬೆಳೆದರೆ ಸುತ್ತಲಿನ ಮೂಳೆಗೆ ಬೇಲಿ ಹಾಕಿಕೊಳ್ಳಲು ಸಮಯ ಸಿಗುತ್ತದೆ, ಕಪ್ಪು ಜಾಗದ ಸುತ್ತ ಪೆನ್ಸಿಲಿನಲ್ಲಿ ಎಳೆದಂಥ ಬಿಳಿ ಗೆರೆ ಕಾಣುತ್ತದೆ. ಆತುರದಲ್ಲಿ ಬೆಳೆಯುವ ಕ್ಯಾನ್ಸರ್ ಆ ಸಮಯ ಕೊಡುವುದಿಲ್ಲ. ಅಂಚು ಹರಕುಮುರುಕಾಗಿ, ಕಪ್ಪು ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದಂತೆ ಇರುತ್ತದೆ. ಹಲ್ಲುಗಳು ಸುತ್ತ ಮೂಳೆಯ ಆಸರೆಯೇ ಇಲ್ಲದೆ ಗಾಳಿಯಲ್ಲಿ ತೇಲುವಂತೆ ಕಂಡರೆ ತಕ್ಷಣ ಎಚ್ಚೆತ್ತುಕೊಳ್ಳಬೇಕು. ಮೂಳೆಯ ಹೊರಗೆ ಸೂರ್ಯಕಿರಣಗಳಂತೆ ಬಿಳಿ ಗೆರೆಗಳು ಹೊರಟಿದ್ದರೆ ಅದು ಮೂಳೆಯದೇ ಕ್ಯಾನ್ಸರ್ ಆಗಿರಬಹುದು. ಹಳೆಯ ಕೀವಿನ ಸೋಂಕೂ ಒಮ್ಮೊಮ್ಮೆ ಅಂಚನ್ನು ಹರಕು ಮಾಡುತ್ತದೆ, ಆದ್ದರಿಂದ ಅಂಚು ನೋಡಿದ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ.

ಉಳಿದವುಗಳ ಸ್ವಭಾವವನ್ನು ಬೇಗ ಹೇಳಿಬಿಡುತ್ತೇನೆ. ಹುಟ್ಟದೆ ಮೂಳೆಯಲ್ಲೇ ಉಳಿದ ಹಲ್ಲಿನ ತಲೆಯ ಸುತ್ತ ಕಪ್ಪು ಚೀಲ ಇದ್ದರೆ ಅದು ಬಹುತೇಕ ಸಿಸ್ಟ್. ಕೆರಟೋಸಿಸ್ಟ್ ಎನ್ನುವ ಇನ್ನೊಂದು ಬಗೆಯ ಚೀಲ ದವಡೆಯನ್ನು ಅಷ್ಟಾಗಿ ಉಬ್ಬಿಸದೆ ಮೂಳೆಯ ಉದ್ದಕ್ಕೂ ಒಳಗೊಳಗೇ ಹಬ್ಬುತ್ತದೆ, ಆದ್ದರಿಂದ ತಡವಾಗಿ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಗಳ ಪಟ್ಟಿಗೆ ಸೇರಿಸಿ 2017ರಲ್ಲಿ ಮತ್ತೆ ಸಿಸ್ಟ್‌ಗಳ ಪಟ್ಟಿಗೇ ವಾಪಸು ಕಳಿಸಿತು. ಪರಿಣತರೇ ಹೀಗೆ ಅತ್ತಿತ್ತ ಆಗುವಾಗ ರೋಗಿಗಳು ಗೊಂದಲಪಟ್ಟರೆ ತಪ್ಪೇನಿದೆ! ಓಡಾಂಟೋಮಾ ಎಂಬುದರೊಳಗೆ ಪುಟ್ಟ ಪುಟ್ಟ ಹಲ್ಲುಗಳ ರಾಶಿಯೇ ಬಿಳಿಯಾಗಿ ಕಾಣುತ್ತದೆ, ಹೆದರಬೇಕಿಲ್ಲ. ಹೆದರಬೇಕಾದದ್ದು ಮೂಳೆಯೊಳಗಿನ ರಕ್ತನಾಳದ ಗಂಟಿಗೆ. ಒ.ಪಿ.ಜಿ.ಯಲ್ಲಿ ಅದೂ ಕೋಣೆ ಕೋಣೆಯಾಗಿಯೇ ಕಾಣಬಹುದು. ಅದರ ಮೇಲಿನ ಹಲ್ಲನ್ನು ಅರಿಯದೆ ಕಿತ್ತರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತದೆ. ಇಂಥ ಕಪ್ಪು ಜಾಗ ಕಂಡರೆ ಕೈ ಹಾಕುವ ಮುಂಚೆ ಸೂಜಿ ಚುಚ್ಚಿ ಎಳೆದು ನೋಡುವ ಪದ್ಧತಿ ಬಂದದ್ದು ಇದೇ ಭಯದಿಂದ.

ಒ.ಪಿ.ಜಿ.ಗೂ ಮಿತಿಯಿದೆ. ಮೂಳೆಯ ಖನಿಜಾಂಶ ಶೇ. 30ರಿಂದ 50ರಷ್ಟು ಕರಗುವವರೆಗೆ ಸಾದಾ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣದೇ ಇರಬಹುದು. ಕೆಳದವಡೆಯ ಮಧ್ಯಭಾಗದ ಮೇಲೆ ಕತ್ತಿನ ಮೂಳೆಯ ನೆರಳು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೆಡ್ಡೆ ಕೆನ್ನೆಯ ಕಡೆಗೆ ಎಷ್ಟು ಉಬ್ಬಿದೆ, ನಾಲಿಗೆಯ ಕಡೆಗೆ ಎಷ್ಟು ಉಬ್ಬಿದೆ ಎಂಬುದು ಇದರಲ್ಲಿ ಸಿಗುವುದಿಲ್ಲ. ಕೆ.ಜಿ.ಎಫ್. ಗಣಿಯಲ್ಲಿ ದುಡಿದವರ ಮನೆಯವರಿಗೆ ಹೀಗೆ ಹೇಳಿದರೆ ಚಟ್ಟನೆ ಅರ್ಥವಾಗುತ್ತದೆ: ಮೇಲಿನಿಂದ ನೋಡಿದ ಒಂದು ನಕ್ಷೆಯಲ್ಲಿ ಇಡೀ ಗಣಿ ಸಿಕ್ಕುವುದಿಲ್ಲ, ಪ್ರತಿ ಹಂತದ ಸುರಂಗಕ್ಕೂ ಒಂದೊಂದು ನಕ್ಷೆ ಬೇಕು. ದವಡೆಯನ್ನು ಹಾಗೆ ಹಂತ ಹಂತವಾಗಿ ತೋರಿಸುವುದು ಸಿ.ಟಿ.

ಸಿ.ಟಿ.ಯಲ್ಲಿ ಎರಡು ಬಗೆ. ದಂತವೈದ್ಯರು ಬರೆದುಕೊಡುವ ಕೋನ್ ಬೀಮ್ ಸಿ.ಟಿ. ದಂತ ಆಸ್ಪತ್ರೆಗಳಿಗೆ ಹೊಂದುವ ಸಣ್ಣ ಯಂತ್ರ. ಮಿಲಿಮೀಟರಿನ ಹತ್ತರಲ್ಲಿ ಕೆಲವು ಭಾಗದಷ್ಟು ಸೂಕ್ಷ್ಮವಾಗಿ ಮೂಳೆಯನ್ನೂ ಹಲ್ಲನ್ನೂ ತೋರಿಸುತ್ತದೆ. ಗೆಡ್ಡೆಗೂ ನರದ ಕಾಲುವೆಗೂ ನಡುವೆ ಮೂಳೆ ಉಳಿದಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಆದರೆ ಮಾಂಸಖಂಡ, ಕತ್ತಿನ ಗ್ರಂಥಿ, ಕ್ಯಾನ್ಸರಿನ ಹುಣ್ಣು ಇವುಗಳನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಅದಕ್ಕೆ ದೊಡ್ಡಾಸ್ಪತ್ರೆಯ ಸಿ.ಟಿ. ಬೇಕು, ಅದೂ ಚಿತ್ರದಲ್ಲಿ ರಕ್ತನಾಳ, ಗೆಡ್ಡೆಗಳನ್ನು ಎದ್ದು ಕಾಣಿಸುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ತೆಗೆದದ್ದು. ಈ ಯಂತ್ರ ಪ್ರತಿ ಚುಕ್ಕೆಗೂ ಸಾಂದ್ರತೆಯ ಅಂಕಿ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000ದ ಆಸುಪಾಸು ಮತ್ತು ಅದಕ್ಕೂ ಮೇಲೆ. ಸಿ.ಟಿ.ಗಾಗಿ 1979ರ ನೊಬೆಲ್ ಪ್ರಶಸ್ತಿಯನ್ನು ಕಾರ್ಮ್ಯಾಕ್ ಅವರೊಂದಿಗೆ ಹಂಚಿಕೊಂಡ ಹೌನ್ಸ್‌ಫೀಲ್ಡ್ ಅವರ ಹೆಸರು ಈ ಅಳತೆಗಿದೆ. ಒ.ಪಿ.ಜಿ.ಯಲ್ಲಿ ಬರೀ ಕಪ್ಪಾಗಿ ಕಂಡ ಜಾಗದೊಳಗೆ ನೀರಿದೆಯೋ ಗಟ್ಟಿ ಮಾಂಸವಿದೆಯೋ ಎಂದು ಈ ಅಂಕಿಗಳಿಂದ ಅಂದಾಜು ಮಾಡಬಹುದು.

ಈಗ ನಮ್ಮ ಜಿಲ್ಲೆಯ ಮುಖ್ಯ ಸಂಕಟಕ್ಕೆ ಬರುತ್ತೇನೆ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಎಂಬ ತಂಬಾಕು ಸೇರಿಸಿ ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ ಒತ್ತಿಟ್ಟುಕೊಳ್ಳುವ ಅಭ್ಯಾಸ ಕೋಲಾರದ ಹಳ್ಳಿಯ ಹೆಂಗಸರಲ್ಲಿ ಹಳೆಯದು. ಕೂಲಿಗೆ ಹೋಗುವಾಗ ಹಸಿವು ಮರೆಯಲು ಶುರುವಾದದ್ದು ಬಿಡಿಸಲಾಗದ ಚಟವಾಗುತ್ತದೆ. ಕೆಲವರು ಅದನ್ನು ಬಾಯಲ್ಲಿಟ್ಟುಕೊಂಡೇ ಮಲಗುತ್ತಾರೆ. ಎಲ್ಲಿ ಇಡುತ್ತಾರೋ ಅಲ್ಲೇ ಕ್ಯಾನ್ಸರಿನ ಹುಣ್ಣು ಏಳಬಹುದು. ಆ ಸಂದಿಯಿಂದ ಮೂಳೆಗೆ ಕೆಲವೇ ಮಿಲಿಮೀಟರು ದೂರ. ಹೀಗಾಗಿ ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಾಗಲಿ, ಇಂಥ ರೋಗಿ ಬಂದಾಗ ಶಸ್ತ್ರವೈದ್ಯರು ಚಿತ್ರಕ್ಕೆ ಕೇಳುವ ಮೊದಲ ಪ್ರಶ್ನೆ ಒಂದೇ: ಮೂಳೆಗೆ ಇಳಿದಿದೆಯೇ?

ಉತ್ತರದ ಮೇಲೆ ರೋಗಿಯ ಮುಖದ ಆಕಾರವೇ ನಿಂತಿದೆ. ಕ್ಯಾನ್ಸರ್ ಮೂಳೆಗೆ ತಾಗಿಕೊಂಡಿದ್ದು ಒಳಗೆ ಹೋಗಿಲ್ಲದಿದ್ದರೆ ದವಡೆಯ ಮೇಲಂಚನ್ನಷ್ಟೇ ಕೊಯ್ದು ಕೆಳಗಿನ ಅಂಚನ್ನು ಉಳಿಸಿಕೊಳ್ಳಬಹುದು, ದವಡೆಯ ಕಮಾನು ಕೆಡುವುದಿಲ್ಲ. ಮೂಳೆಯ ನಡುವಿನ ಮೆದು ಭಾಗವಾದ ಮಜ್ಜೆಯೊಳಗೆ ಇಳಿದಿದ್ದರೆ ಆ ಭಾಗದ ದವಡೆಯನ್ನು ಪೂರ್ತಿ ತುಂಡಾಗಿಯೇ ತೆಗೆಯಬೇಕು. ಹುಣ್ಣಿನ ಗಾತ್ರ ಸಣ್ಣದಿದ್ದರೂ ಮೂಳೆಯ ಗಟ್ಟಿ ಪದರವನ್ನು ಕೊರೆದು ಒಳಹೊಕ್ಕಿದ್ದರೆ ಅದು ನಾಲ್ಕನೆಯ ಹಂತದ ಗೆಡ್ಡೆಯಾಗಿ ಎಣಿಕೆಯಾಗುತ್ತದೆ. ಒಸಡಿನ ಕ್ಯಾನ್ಸರ್ ಹಲ್ಲಿನ ಗೂಡಿನ ಮೇಲ್ಮೈಯನ್ನು ಸ್ವಲ್ಪ ಸವೆಸಿದ್ದರೆ ಅಷ್ಟಕ್ಕೇ ಆ ಲೆಕ್ಕ ಹಾಕುವುದಿಲ್ಲ. ವರದಿಯಲ್ಲಿ “ಕಾರ್ಟಿಕಲ್ ಎರೋಷನ್”, ಅಂದರೆ ಮೂಳೆಯ ಹೊರಪದರ ಸವೆದಿದೆ, ಎಂದಿರುವುದನ್ನು ನೋಡಿ ಎದೆ ಒಡೆದುಕೊಳ್ಳುವ ಮುಂಚೆ ಎಷ್ಟು, ಎಲ್ಲಿ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಈ ಸಿ.ಟಿ. ತೆಗೆಯುವಾಗ ಒಂದು ಚಿಕ್ಕ ಉಪಾಯವಿದೆ, ಖರ್ಚೇ ಇಲ್ಲದ್ದು. ಮಾಮೂಲಾಗಿ ಮಲಗಿದರೆ ಕೆನ್ನೆಯ ಒಳಮೈ ಒಸಡಿಗೆ ಅಂಟಿಕೊಂಡಿರುತ್ತದೆ. ಹುಣ್ಣು ಕೆನ್ನೆಯದೋ ಒಸಡಿನದೋ, ಮೂಳೆಯನ್ನು ಮುಟ್ಟಿದೆಯೋ ಬರೀ ಒರಗಿಕೊಂಡಿದೆಯೋ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ರೋಗಿಗೆ ತುಟಿ ಬಿಗಿಹಿಡಿದು ಕೆನ್ನೆ ಉಬ್ಬಿಸಿಕೊಳ್ಳಲು ಹೇಳುತ್ತಾರೆ. ಒಳಗೆ ತುಂಬಿದ ಗಾಳಿ ಕಪ್ಪಾಗಿ ಕಂಡು ಕೆನ್ನೆಯನ್ನೂ ಒಸಡನ್ನೂ ಬಿಡಿಸಿಡುತ್ತದೆ. ಯಂತ್ರ ದಾಟುವ ಕೆಲವು ಸೆಕೆಂಡು ಹಾಗೇ ಹಿಡಿದುಕೊಂಡಿರಬೇಕು. ಬಾಯಿ ನೋಯುತ್ತಿರುವ ಅಜ್ಜಿಗೆ, ಅದರಲ್ಲೂ ಕನ್ನಡಕ್ಕಿಂತ ತೆಲುಗು ಹತ್ತಿರವಾದವರಿಗೆ, ಇದನ್ನು ಒಳಗೆ ಕರೆದೊಯ್ಯುವ ಮುಂಚೆಯೇ ಮಾಡಿ ತೋರಿಸಿ ಅಭ್ಯಾಸ ಮಾಡಿಸುವ ಟೆಕ್ನೀಷಿಯನ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಜೊತೆಗೆ ಹೋದವರೂ ಹೇಳಿಕೊಡಬಹುದು.

ಎಂ.ಆರ್.ಐ.ಗೆ ಬೇರೆಯದೇ ಕಣ್ಣು. ಎಕ್ಸ್‌ರೇ ಕಿರಣ ಇಲ್ಲವೇ ಇಲ್ಲ. ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆಗಳಿಂದ ದೇಹದ ಜಲಜನಕದ ಸುಳಿವು ಹಿಡಿದು ಚಿತ್ರ ಕಟ್ಟುತ್ತದೆ. ದೊಡ್ಡವರ ದವಡೆಯ ಮಜ್ಜೆಯಲ್ಲಿ ಕೊಬ್ಬು ಹೆಚ್ಚು. ಟಿ1 ಎಂಬ ಬಗೆಯ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ, ಗೆಡ್ಡೆ ನುಗ್ಗಿದ ಕಡೆ ಆ ಹೊಳಪು ಆರಿ ಕಪ್ಪಾಗುತ್ತದೆ. ಮೂಳೆಯ ಹೊರಪದರ ನೆಟ್ಟಗಿರುವಂತೆ ಸಿ.ಟಿ.ಯಲ್ಲಿ ಕಂಡರೂ ಮಜ್ಜೆಯೊಳಗಿನ ಹಬ್ಬುವಿಕೆಯನ್ನು ಇದು ಹಿಡಿಯಬಲ್ಲದು. ನರದ ಗುಂಟ ಕ್ಯಾನ್ಸರ್ ತಲೆಬುರುಡೆಯ ತಳದ ಕಡೆಗೆ ಏರಿದ್ದರೆ ಅದನ್ನು ತೋರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಬಾಯಿ ತೆರೆಯಲಾಗದ ರೋಗಿಯಲ್ಲಿ ಅಗಿಯುವ ಮಾಂಸಖಂಡಗಳಿಗೆ ರೋಗ ಹೋಗಿದೆಯೇ ಎಂಬುದನ್ನೂ ಇದರಲ್ಲೇ ನೋಡುವುದು ಲೇಸು. ದೌರ್ಬಲ್ಯವೂ ಉಂಟು. ಹುಳುಕು ಹಲ್ಲಿನ ಸೋಂಕಿನಿಂದಲೂ ಮಜ್ಜೆಯ ಹೊಳಪು ಆರುತ್ತದೆ, ಆಗ ಎಂ.ಆರ್.ಐ. ಇಲ್ಲದ ಕ್ಯಾನ್ಸರನ್ನು ಇದೆ ಎಂದು ಹೇಳಿಬಿಡಬಹುದು. ಸಿ.ಟಿ.ಯ ತಪ್ಪು ಹೆಚ್ಚಾಗಿ ಉಲ್ಟಾ ದಿಕ್ಕಿನದು, ಇದ್ದದ್ದನ್ನು ಕಾಣದೆ ಬಿಡುವುದು. ಆದ್ದರಿಂದ ಗೊಂದಲದ ರೋಗಿಗೆ ಎರಡನ್ನೂ ಬರೆದುಕೊಟ್ಟರೆ ದುಡ್ಡು ಹೊಡೆಯಲು ಎಂದು ಕೂಡಲೇ ತೀರ್ಮಾನಿಸಬೇಡಿ. ಸ್ಟೀಲಿನ ಕ್ಯಾಪು, ಕ್ಲಿಪ್ಪು ಹಾಕಿಸಿಕೊಂಡವರ ಚಿತ್ರ ಆ ಜಾಗದಲ್ಲಿ ಕೆಡುತ್ತದೆ. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಲೇಬೇಕು.

ಕತ್ತಿನ ಗ್ರಂಥಿಗಳಿಗೆ ಅಲ್ಟ್ರಾಸೌಂಡ್ ಮಾಡಿ, ಅನುಮಾನ ಬಂದದ್ದಕ್ಕೆ ಸೂಜಿ ಹಾಕಿ ಪರೀಕ್ಷಿಸುವುದು ಅಗ್ಗವೂ ಹೌದು, ನಂಬಿಕಸ್ಥವೂ ಹೌದು. ಪೆಟ್ ಸ್ಕ್ಯಾನಿನ ಹೆಸರು ಈಚೆಗೆ ಎಲ್ಲರ ಬಾಯಲ್ಲಿದೆ. ಸಕ್ಕರೆಯಂಥ ವಸ್ತುವಿಗೆ ವಿಕಿರಣಶೀಲ ಗುರುತು ಅಂಟಿಸಿ ದೇಹಕ್ಕೆ ಬಿಟ್ಟು, ಅದನ್ನು ಯಾವ ಜೀವಕೋಶಗಳು ಹೆಚ್ಚು ಹೀರುತ್ತವೆ ಎಂದು ನೋಡುವ ವಿಧಾನ. ರೋಗ ದೂರಕ್ಕೆ ಹರಡಿದೆಯೇ, ಚಿಕಿತ್ಸೆಯ ನಂತರ ಮರಳಿತೇ ಎಂಬುದಕ್ಕೆ ಅದು ಸರಿ. ಬಾಯಿಯ ಸೋಂಕೂ ಅದರಲ್ಲಿ ಉರಿಯುತ್ತದೆಂಬುದು ನೆನಪಿರಲಿ. ನೋವಿಲ್ಲದ ಅಮೆಲೋಬ್ಲಾಸ್ಟೋಮಾಕ್ಕೆ ಪೆಟ್ ಮಾಡಿಸಲು ಬೆಂಗಳೂರಿಗೆ ಓಡುವುದು ಸಾಮಾನ್ಯವಾಗಿ ದಂಡ.

ಕ್ರಮದ ವಿಚಾರ. ಸಾಧ್ಯವಾದರೆ ಸ್ಕ್ಯಾನ್ ಮೊದಲು, ಬಯಾಪ್ಸಿ ನಂತರ. ಚೂರು ತೆಗೆದ ಜಾಗ ಊದಿಕೊಂಡು ರಕ್ತ ಸೋರಿದ್ದರೆ ಆಮೇಲಿನ ಚಿತ್ರದಲ್ಲಿ ಅದೂ ಗೆಡ್ಡೆಯೊಂದಿಗೆ ಬೆರೆತುಹೋಗುತ್ತದೆ. ಕಾಂಟ್ರಾಸ್ಟ್ ಕೊಡುವ ಮುಂಚೆ ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಹಿಂದೆ ಇಂಥ ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದು ಎದ್ದವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ವಿಕಿರಣದ ಭಯ ಅನೇಕರಿಗಿದೆ. ಒಂದು ಒ.ಪಿ.ಜಿ.ಯಿಂದ ಬರುವ ವಿಕಿರಣ, ಭೂಮಿ ಆಕಾಶಗಳಿಂದ ಎಲ್ಲರಿಗೂ ಕೆಲವು ದಿನಗಳಲ್ಲಿ ತಾನಾಗಿ ತಗಲುವಷ್ಟು. ಸಿ.ಟಿ.ಯದು ಅದರ ಹತ್ತಾರು ಪಟ್ಟು, ಕತ್ತೂ ಸೇರಿದರೆ ಇನ್ನೂ ಹೆಚ್ಚು. ಗೆಡ್ಡೆಯ ಗಡಿ ತಿಳಿಯಲು ಅಷ್ಟು ತೆರುವುದು ಸರಿಯೇ. ಅದೇ ಸ್ಕ್ಯಾನನ್ನು ಎರಡು ಊರಿನಲ್ಲಿ ಎರಡು ಸಲ ಮಾಡಿಸುವುದು ಸರಿಯಲ್ಲ.

ದವಡೆಯನ್ನು ತುಂಡಾಗಿ ತೆಗೆಯಬೇಕಾದಾಗ ಚಿತ್ರದ ಕೆಲಸ ಇನ್ನೂ ಮುಂದುವರಿಯುತ್ತದೆ. ಮೊಣಕಾಲಿನ ಕೆಳಗಿರುವ ಎರಡು ಮೂಳೆಗಳಲ್ಲಿ ಹೊರಗಿನ ಸಣ್ಣದನ್ನು, ರಕ್ತನಾಳದ ಸಮೇತ ತೆಗೆದು ದವಡೆಯ ಜಾಗಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ 1989ರಿಂದ ಬಳಕೆಯಲ್ಲಿದೆ. ಕಾಲಿನ ರಕ್ತನಾಳಗಳು ಸರಿಯಿವೆಯೇ ಎಂದು ಮೊದಲು ಕಾಲಿಗೂ ಒಂದು ಸಿ.ಟಿ. ಆಗಬಹುದು, ದವಡೆಯ ರೋಗಕ್ಕೆ ಕಾಲಿನ ಸ್ಕ್ಯಾನ್ ಏಕೆ ಎಂದು ಗಾಬರಿಯಾಗಬೇಕಿಲ್ಲ. ದವಡೆಯ ಸಿ.ಟಿ.ಯ ಕಡತವನ್ನೇ ಕಂಪ್ಯೂಟರಿಗೆ ಹಾಕಿ, ಎಲ್ಲಿ ಕತ್ತರಿಸಬೇಕು, ಕಾಲಿನ ಮೂಳೆಯನ್ನು ಎಷ್ಟೆಷ್ಟು ಉದ್ದಕ್ಕೆ ತುಂಡರಿಸಿ ಜೋಡಿಸಿದರೆ ಗಲ್ಲದ ಬಾಗು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ದವಡೆಯ ಅಚ್ಚನ್ನು ಮುದ್ರಿಸಿಕೊಂಡು ಟೈಟಾನಿಯಂ ತಗಡನ್ನು ಅದರ ಮೇಲೆ ಬಗ್ಗಿಸಿ ಸಿದ್ಧ ಮಾಡಿಟ್ಟುಕೊಳ್ಳುವ ವೈದ್ಯರೂ ಇದ್ದಾರೆ.

ಇದಕ್ಕೆಲ್ಲ ಬೇಕಾದದ್ದು ಸ್ಕ್ಯಾನಿನ ಮೂಲ ಕಡತ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ “ಏನಾಗಿದೆ ನೋಡಿ ಸಾರ್” ಎಂದರೆ ಯಾವ ರೇಡಿಯಾಲಜಿಸ್ಟೂ ನೆಟ್ಟಗೆ ಹೇಳಲಾರ. ನೂರಾರು ಪದರಗಳಲ್ಲಿ ಆಯ್ದ ಕೆಲವನ್ನಷ್ಟೇ ಫಿಲ್ಮಿಗೆ ಇಳಿಸಿರುತ್ತಾರೆ. ಸ್ಕ್ಯಾನ್ ಕೇಂದ್ರದಿಂದ ಹೊರಡುವ ಮುಂಚೆ ಡೈಕಾಮ್ ಎನ್ನುವ ಆ ಮೂಲ ಕಡತಗಳಿರುವ ಸಿ.ಡಿ.ಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆಯಿರಿ. ಕೋಲಾರದಲ್ಲಿ ತೆಗೆಸಿದ್ದನ್ನು ಬೆಂಗಳೂರಿನಲ್ಲಿ ಮತ್ತೆ ತೆಗೆಸುವ ಖರ್ಚು ಇದರಿಂದ ಎಷ್ಟೋ ಸಲ ಉಳಿಯುತ್ತದೆ. ಶಸ್ತ್ರಚಿಕಿತ್ಸೆ ಆದಮೇಲೂ ಆ ಸಿ.ಡಿ.ಯನ್ನೂ ಹಳೆಯ ಒ.ಪಿ.ಜಿ.ಯನ್ನೂ ಎಸೆಯಬಾರದು. ಅಮೆಲೋಬ್ಲಾಸ್ಟೋಮಾ ಹತ್ತು ವರ್ಷ ಕಳೆದ ಮೇಲೂ ಅದೇ ಜಾಗದ ಅಂಚಿನಲ್ಲಿ ಚಿಕ್ಕ ಕಪ್ಪು ಚುಕ್ಕೆಯಾಗಿ ಮರಳಬಹುದು. ಅದು ಹೊಸದೋ, ಮೊದಲಿನಿಂದ ಇದ್ದ ಶಸ್ತ್ರಚಿಕಿತ್ಸೆಯ ಗುರುತೋ ಎಂದು ಹೇಳಲು ವೈದ್ಯರು ಕೇಳುವುದು ಆ ಹಳೆಯ ಚಿತ್ರವನ್ನೇ.